ಮಕೊಂಡೊ ಮತ್ತು ಮಾರಿಕುಪ್ಪಂ

ಮೆಚ್ಚಿನ ಲೇಖಕರ ದೊಡ್ಡ ಕಾದಂಬರಿಯೊಂದನ್ನು ಅರ್ಧಕ್ಕೇ ಮುಚ್ಚಿಟ್ಟು, ‘ಇದು ನನಗೆ ಹಿಡಿಸಲಿಲ್ಲ’ ಎಂದು ಹೇಳಲು ನೀವು ಎಂದಾದರೂ ಸಂಕೋಚಪಟ್ಟಿದ್ದೀರಾ? ನಾನು ಪಟ್ಟಿದ್ದೇನೆ.

ಆ ಲೇಖಕರು ಕೊಲಂಬಿಯಾದ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ (1927–2014). ಪಿಂಚಣಿಯ ಕಾಗದಕ್ಕಾಗಿ ಶುಕ್ರವಾರದಿಂದ ಶುಕ್ರವಾರಕ್ಕೆ ಕಾಯುವ ವೃದ್ಧ ಕರ್ನಲ್‌ನ ಬಗ್ಗೆ ಅವರು ಬರೆದ ಕಿರುಕಾದಂಬರಿ ನನಗೆ ಅಚ್ಚುಮೆಚ್ಚು. ಆದರೆ 1967ರಲ್ಲಿ ಪ್ರಕಟವಾದ, ಎ. ಎನ್. ಪ್ರಸನ್ನ ಅವರು ಕನ್ನಡಕ್ಕೆ ತಂದ ‘ನೂರು ವರ್ಷದ ಏಕಾಂತ’ ನನ್ನನ್ನು ಸುಸ್ತು ಮಾಡಿತು. ಮಕೊಂಡೊ ಎಂಬ ಕಲ್ಪಿತ ಊರು, ಬುಯೆಂದಿಯ ಎಂಬ ಒಂದು ಮನೆತನ, ಹಲವು ತಲೆಮಾರು. ಅಜ್ಜನ ಹೆಸರೇ ಮಗನಿಗೆ, ಮೊಮ್ಮಗನಿಗೆ. ಒಬ್ಬ ಹುಡುಗಿ ಒಗೆದ ಬಟ್ಟೆ ಮಡಚುತ್ತಿದ್ದವಳು ಹಾಗೆಯೇ ಆಕಾಶಕ್ಕೆ ಏರಿಹೋಗುತ್ತಾಳೆ. ಒಮ್ಮೆ ಹಿಡಿದ ಮಳೆ 4 ವರ್ಷ 11 ತಿಂಗಳು 2 ದಿನ ಸುರಿಯುತ್ತದೆ. ಬಿ.ಎಸ್ಸಿ. ಓದಿದ ನನಗೆ ‘ಇದೆಲ್ಲ ಹೇಗೆ ಸಾಧ್ಯ?’ ಎಂಬ ಕಿರಿಕಿರಿ.

ಇಂಥ ಬರವಣಿಗೆ ನಮಗೆ ಹೊಸದೇನಲ್ಲ. ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯಲ್ಲಿ ಮನೆಮನೆಯ ದೀಪಗಳ ಜೋತಮ್ಮಗಳು ರಾತ್ರಿ ಒಂದೆಡೆ ಸೇರಿ ಮಾತನಾಡುತ್ತವೆ. ಮನುಷ್ಯರು ಬಾಯಿಬಿಡಲಾಗದ ಕೊಲೆಯ ಸುತ್ತ ಹೆಣೆದ ಕಥೆ ಅದು. ಹೇಳಲಾಗದ್ದನ್ನು ಹೇಳಲು ಅಸಂಭವದ ನೆರವು ಬೇಕಾಗುತ್ತದೆ. ಅಜ್ಜಿ ಕಥೆ ಹೇಳುವಾಗ ದೆವ್ವವನ್ನೂ ದನವನ್ನೂ ಒಂದೇ ದನಿಯಲ್ಲಿ ಹೇಳುತ್ತಾಳಲ್ಲವೇ? ಮಾರ್ಕ್ವೆಜ್ ಕೂಡ ಈ ಧಾಟಿಯನ್ನು ತಮ್ಮ ಅಜ್ಜಿಯಿಂದಲೇ ಕಲಿತೆನೆಂದು ಹೇಳಿದ್ದಾರೆ.

ನಾನು ಬೆಳೆದದ್ದು ಬಂಗಾರಪೇಟೆಯಲ್ಲಿ. ಕೆಲವು ವರ್ಷಗಳ ನಂತರ, ಅಲ್ಲಿಂದ ಕೆ.ಜಿ.ಎಫ್. ಮೂಲಕ ಮಾರಿಕುಪ್ಪಂಗೆ ಹೋಗುವ ರೈಲಿನಲ್ಲಿ ಪುಸ್ತಕವನ್ನು ಮತ್ತೆ ತೆರೆದೆ. ಕಿಟಕಿಯಾಚೆ ಸೈನೈಡ್ ದಿಬ್ಬಗಳು. ಚಿನ್ನ ತೆಗೆದುಕೊಂಡು ಉಳಿದ ಕಲ್ಲಿನ ಪುಡಿಯೇ ಗುಡ್ಡವಾಗಿ ನಿಂತಿದೆ. ಇಲ್ಲಿ ಮನುಷ್ಯರು 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು ದುಡಿದರು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಬೆಂಗಳೂರಿಗಿಂತ ಮೊದಲು, 1902ರಲ್ಲೇ, ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ ಬಂತು. 1965ರಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳನ್ನು ಈ ಗಣಿಯ ಆಳದಲ್ಲಿ ಪತ್ತೆ ಹಚ್ಚಿದರು. ಮೇಲಿನ ಬಂಡೆ ಉಳಿದ ಕಣಗಳನ್ನು ಬಹುಪಾಲು ತಡೆದುಬಿಡುತ್ತದೆ. ನ್ಯೂಟ್ರಿನೊ ಮಾತ್ರ ತೂರಿಬರುತ್ತದೆ. ಆಕಾಶದ ಕಣವನ್ನು ಕಾಣಲು ಪಾತಾಳಕ್ಕೆ ಇಳಿಯಬೇಕಾಯಿತು! ಇದನ್ನು ಕಾದಂಬರಿಯಲ್ಲಿ ಓದಿದ್ದರೆ ನಾನು ನಂಬುತ್ತಿದ್ದೆನೇ?

ಮಕೊಂಡೊಗೂ ರೈಲು ಬರುತ್ತದೆ, ಹಿಂದೆಯೇ ವಿದೇಶಿ ಬಾಳೆಹಣ್ಣಿನ ಕಂಪನಿ ಬರುತ್ತದೆ. ಮುಷ್ಕರ ಹೂಡಿದ ಕಾರ್ಮಿಕರ ಮೇಲೆ ಸೈನ್ಯ ಗುಂಡು ಹಾರಿಸುತ್ತದೆ. ಹೆಣಗಳನ್ನು ತುಂಬಿದ ರೈಲನ್ನು ಕಂಡವನ ಮಾತನ್ನು ಊರಿನಲ್ಲಿ ಯಾರೂ ನಂಬುವುದಿಲ್ಲ. ಇದರ ಹಿಂದೆ 1928ರಲ್ಲಿ ಕೊಲಂಬಿಯಾದ ಸಿಯೆನಾಗದಲ್ಲಿ ನಿಜವಾಗಿ ನಡೆದ ಗೋಲಿಬಾರ್ ಇದೆ. ಸತ್ತವರೆಷ್ಟು ಎಂಬುದರ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಕೆ.ಜಿ.ಎಫ್.ನಲ್ಲೂ 1946ರಲ್ಲಿ, ಕಾರ್ಮಿಕ ಹೋರಾಟದ ಕಾಲಕ್ಕೆ, ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಅಷ್ಟು ಹತ್ತಿರದಲ್ಲಿ ಬೆಳೆದರೂ ನನ್ನ ಶಾಲಾದಿನಗಳ ಯಾವ ಪಾಠದಲ್ಲೂ ಅದನ್ನು ಓದಿದ ನೆನಪಿಲ್ಲ. ಆ ಪುಟಗಳನ್ನು ಓದುವಾಗ ನನ್ನ ಕಿರಿಕಿರಿ ಅಡಗಿತು. ಊರಿಗೆ ಊರೇ ಮರೆಯುವುದಕ್ಕಿಂತ ಅಸಂಭವವಾದದ್ದು ಇನ್ನೇನಿದೆ?

ಆದರೂ ನನ್ನ ತಕರಾರು ಪೂರ್ತಿ ತೀರಲಿಲ್ಲ. ಕೊನೆಯಲ್ಲಿ ಮಕೊಂಡೊವನ್ನು ಬಿರುಗಾಳಿ ಅಳಿಸಿಹಾಕುತ್ತದೆ. ಎಲ್ಲವೂ ಮೊದಲೇ ಬರೆದಿಟ್ಟ ವಿಧಿಯಂತೆ! ಓದಲು ಅದ್ಭುತ, ಒಪ್ಪಲು ಕಷ್ಟ. ಊರೊಂದು ಸೊರಗುವುದು ಹಣೆಬರಹದಿಂದಲ್ಲ. 120 ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಕೊಟ್ಟ ಗಣಿಯಲ್ಲಿ ಅದಿರಿನ ಗುಣಮಟ್ಟ ಇಳಿಯಿತು, ಆಳ ಹೆಚ್ಚಿದಂತೆ ಖರ್ಚು ಏರಿತು, 2001ರಲ್ಲಿ ಗಣಿ ಮುಚ್ಚಿತು. ಇವೆಲ್ಲ ಲೆಕ್ಕ ಹಾಕಬಹುದಾದ, ಪ್ರಶ್ನಿಸಬಹುದಾದ ಕಾರಣಗಳು. ಗಣಿ ನಿಂತರೂ ಜನ ಅಳಿಸಿಹೋಗಲಿಲ್ಲ. ದುಡಿಮೆ ಹುಡುಕಿಕೊಂಡು ಸಾವಿರಾರು ಮಂದಿ ಬೆಳಗಿನ ರೈಲು ಹಿಡಿದು, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಹೋಗುತ್ತಾರೆ. ರಾತ್ರಿ ಮನೆಗೆ ಮರಳುತ್ತಾರೆ. ಅವರ ಪಾಲಿಗೆ ಕಥೆ ಮುಗಿದಿಲ್ಲ.

ಆದ್ದರಿಂದ, ಕೃತಿಯೊಂದರ ಬಗ್ಗೆ ಎರಡು ಮನಸ್ಸಾದರೆ ನಾಚಿಕೆ ಬೇಡ. ಎಲ್ಲಿ ಬೇಸರವಾಯಿತು, ಎಲ್ಲಿ ನಿಮ್ಮ ಊರು ಕಂಡಿತು ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಹಿರಿಯ ಲೇಖಕರೊಡನೆ ಜಗಳವಾಡುತ್ತ ಓದುವುದೂ ಅವರಿಗೆ ನಾವು ಸಲ್ಲಿಸುವ ಗೌರವವೇ.