ಮುಟ್ಟುಕಾಡಿನ ದೋಣಿಯೂ ಹಳಸಿದ ಚಟ್ನಿಯೂ

ಹೋಟೆಲಿನವರಿಗೆ ರಜೆಯೇ ಇಲ್ಲ ಎಂಬ ಮಾತನ್ನು ಒಂದು ದಿನವಾದರೂ ಸುಳ್ಳು ಮಾಡೋಣವೆಂದು ಸೌಕಾರ್‌ಪೇಟೆಯ ನಾವು ಆರು ಮಂದಿ ಗೆಳೆಯರು ಭಾನುವಾರ ಮುಟ್ಟುಕಾಡಿಗೆ ಹೊರಟೆವು. ಅಂದು ಮಿಂಟ್ ಸ್ಟ್ರೀಟ್ ಕಡೆ ವ್ಯಾಪಾರ ಕಡಿಮೆ. ಗಲ್ಲಾದಲ್ಲಿ ಮಕ್ಕಳನ್ನು ಕೂರಿಸಿ ಬಂದಿದ್ದೆವು.

ಪೂರ್ವ ಕರಾವಳಿ ರಸ್ತೆಯ ಬದಿಯಲ್ಲಿರುವ ಇಲ್ಲಿನ ದೋಣಿಮನೆ ತಮಿಳುನಾಡು ಪ್ರವಾಸೋದ್ಯಮ ನಿಗಮದ್ದು. ಮೋಟಾರ್ ದೋಣಿ ಹಿನ್ನೀರಿನಲ್ಲಿ ಸಾಗಿ ಅಳಿವೆಯ ಕಡೆ ಹೋಗಿ ತಿರುಗಿತು. "ನಮ್ಮ ಗಂಗೊಳ್ಳಿ ಅಳಿವೆಯ ಮುಂದೆ ಇದೆಂಥದ್ದು ಮಾರಾಯ್ರೆ" ಎಂದರು ಕುಂದಾಪುರದ ಗೆಳೆಯರು. ಆದರೂ ದೋಣಿಯಿಂದ ಇಳಿಯಲು ಅವರೇ ಕೊನೆಯವರು!

ಬಕಿಂಗ್‌ಹ್ಯಾಮ್ ಕಾಲುವೆ ಇಲ್ಲಿನ ಹಿನ್ನೀರನ್ನು ಸೇರುತ್ತದೆ. ನಮ್ಮ ಪೇಟೆಯ ಹತ್ತಿರ, ಬೇಸಿನ್ ಬ್ರಿಡ್ಜ್ ಕಡೆ ನಾವು ಮೂಗು ಮುಚ್ಚಿಕೊಂಡು ದಾಟುವ ಕಾಲುವೆಯೇ ಇದು. 1876-78ರ ಬರಗಾಲದಲ್ಲಿ ಹಸಿದವರಿಗೆ ಕೂಲಿ ಕೊಟ್ಟು ಊರೊಳಗಿನ ಭಾಗವನ್ನು ತೋಡಿಸಿದರು. ಆಂಧ್ರದ ಕಡೆಯಿಂದ ಉಪ್ಪು, ಸೌದೆ ದೋಣಿಗಳಲ್ಲಿ ಮದರಾಸಿಗೆ ಬರುತ್ತಿದ್ದವು. ಗ್ಯಾಸ್ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರ ಒಲೆಗೂ ಈ ಸೌದೆ ಸೇರಿರಬಹುದು.

ಊಟಕ್ಕೆ ಕುಳಿತಾಗ ಮಾನ ಹೋಯಿತು. ಬೆಳಗಿನ ಜಾವ ರುಬ್ಬಿದ ಕಾಯಿಚಟ್ನಿಯನ್ನು ಬಿಸಿ ಇಡ್ಲಿಯ ಜೊತೆಗೇ ಡಬ್ಬಿಗೆ ತುಂಬಿ ಮುಚ್ಚಿದ್ದೆವು, ಮಧ್ಯಾಹ್ನಕ್ಕೆ ಹಳಸಿತ್ತು. ಗಿರಾಕಿಗೆ ಹೀಗೆ ಕಟ್ಟಿಕೊಟ್ಟಿದ್ದರೆ ಮಾಣಿಯನ್ನು ಬೈಯುತ್ತಿದ್ದೆವು. ಕಟ್ಟಿದವರು ನಾವೇ, ಯಾರನ್ನು ಬೈಯುವುದು? ಹಾಲು ಹೆಚ್ಚು, ಮೊಸರು ಒಂದೇ ಚಮಚ ಹಾಕಿ ಕಲಸಿದ ಮೊಸರನ್ನ ಮಾತ್ರ ಹದವಾಗಿತ್ತು. ಪುಳಿಯೋಗರೆಯೂ ಕೆಡಲಿಲ್ಲ. ಮುಂದಿನ ಸಲಕ್ಕೆ ಚಟ್ನಿಪುಡಿ, ಎಳ್ಳೆಣ್ಣೆ ಎಂದು ದೋಣಿಯ ಚೀಟಿಯ ಹಿಂದೆಯೇ ಬರೆದುಕೊಂಡು, ಸಂಜೆ ಕಾಫಿಯ ಹೊತ್ತಿಗೆ ಗಲ್ಲಾಕ್ಕೆ ಮರಳಿದೆವು.