ದತ್ತು ಪಡೆದ ನಾಯಿಯ ಹೊಟ್ಟೆಯ ತೊಂದರೆ ಹಾಗೂ ಮೊದಲ ವಾರಗಳ ಆರೈಕೆ – ಸಾರ್ವಜನಿಕರಿಗೆ ಮಾಹಿತಿ

ಚಾಮುಂಡಿ ಬೆಟ್ಟದ ಮೆಟ್ಟಿಲು ದಾರಿ, ನಂದಿ ವಿಗ್ರಹದ ಆಸುಪಾಸು ಹಾಗೂ ಬೆಟ್ಟದ ಪಾದದ ಬಡಾವಣೆಗಳಲ್ಲಿ ಬೀದಿನಾಯಿಗಳಿರುವುದು ಮೈಸೂರಿನ ನಾಗರಿಕರಿಗೆ ತಿಳಿದ ವಿಷಯವೇ ಆಗಿದೆ. ಬೆಳಗಿನ ಹೊತ್ತು ಮೆಟ್ಟಿಲು ಹತ್ತುವವರಲ್ಲಿ ಕೆಲವರು ಇಂತಹ ನಾಯಿಯೊಂದನ್ನು ಮನೆಯಲ್ಲಿ ಸಾಕಲು ಮುಂದಾಗುವುದುಂಟು. ಇದು ಸ್ವಾಗತಾರ್ಹ. ಆದರೆ ಮನೆಗೆ ಬಂದ ಮೊದಲ ವಾರದಲ್ಲಿಯೇ ನಾಯಿಗೆ ಭೇದಿಯಾಗುವುದು, ವಾಂತಿಯಾಗುವುದು, ಅನ್ನ ಮುಟ್ಟದೆ ಮೂಲೆಯಲ್ಲಿ ಮಲಗುವುದು ಸಾಮಾನ್ಯ. ಆಗ ಮನೆಯವರು ಗಾಬರಿಗೊಂಡು, ಈ ನಾಯಿಗೆ ಮನೆ ಒಗ್ಗುವುದಿಲ್ಲವೆಂದು ತೀರ್ಮಾನಿಸಿ, ಅದನ್ನು ಇದ್ದಲ್ಲಿಗೇ ಬಿಟ್ಟುಬರುವ ಯೋಚನೆಗೆ ಬರುತ್ತಾರೆ. ಇಂತಹ ತೊಂದರೆಯು ಬಹುಪಾಲು ಆಹಾರದ ಹಠಾತ್ ಬದಲಾವಣೆ, ಜಂತುಹುಳು ಮತ್ತು ಹೊಸ ಸ್ಥಳದ ಭಯದಿಂದ ಉಂಟಾಗುವಂಥದ್ದಾಗಿದ್ದು, ಕ್ರಮವರಿತು ಆರೈಕೆ ಮಾಡಿದಲ್ಲಿ ಗುಣವಾಗುತ್ತದೆ. ಈ ಬಗ್ಗೆ ಅರ್ಜಿದಾರರು ತಿಳಿದಿರಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ಅರ್ಜಿ ಸಲ್ಲಿಸುವ ಮುನ್ನ

ಬೀದಿನಾಯಿಗಳ ವಿಚಾರದಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟ್ 22ರಂದು ನೀಡಿದ ಆದೇಶದಲ್ಲಿ, ಆಸಕ್ತರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಿ ಬೀದಿನಾಯಿಯನ್ನು ದತ್ತು ಪಡೆಯಬಹುದೆಂದೂ, ಗುರುತಿಸಲಾದ ನಾಯಿಗೆ ಗುರುತಿನ ಪಟ್ಟಿ ಹಾಕಿ ಅರ್ಜಿದಾರರಿಗೆ ಒಪ್ಪಿಸತಕ್ಕದ್ದೆಂದೂ ತಿಳಿಸಲಾಗಿದೆ. ಹಾಗೆ ದತ್ತು ನೀಡಲಾದ ನಾಯಿಯು ಮತ್ತೆ ಬೀದಿಗೆ ಹೋಗದಂತೆ ನೋಡಿಕೊಳ್ಳುವುದು ಅರ್ಜಿದಾರರದೇ ಹೊಣೆಯೆಂದು ಅದೇ ಆದೇಶವು ಹೇಳುತ್ತದೆ. ಬೆಟ್ಟದ ಮೇಲಿನ ಊರು ಹಾಗೂ ಕೆಳಗಿನ ಬಡಾವಣೆಗಳು ಒಂದೇ ಸ್ಥಳೀಯ ಸಂಸ್ಥೆಯ ವ್ಯಾಪ್ತಿಯಲ್ಲಿವೆ ಎಂದು ಭಾವಿಸದೆ, ನಾಯಿಯಿರುವ ಸ್ಥಳವು ಯಾರ ವ್ಯಾಪ್ತಿಗೆ ಸೇರುತ್ತದೆಂಬುದನ್ನು ಮೊದಲೇ ವಿಚಾರಿಸಿಕೊಂಡಲ್ಲಿ ಅನಗತ್ಯ ಅಲೆದಾಟ ತಪ್ಪುತ್ತದೆ.

ನಾಯಿಯ ಕಿವಿಯ ಅಂಚಿನಲ್ಲಿ ಕತ್ತರಿಸಿದ ಗುರುತಿದ್ದರೆ ಅದಕ್ಕೆ ಸಂತಾನಶಕ್ತಿಹರಣ ಚಿಕಿತ್ಸೆಯಾಗಿದೆ ಎಂದು ಅರ್ಥ. ಆ ಸಮಯದಲ್ಲಿ ಹುಚ್ಚುನಾಯಿ ರೋಗ ನಿರೋಧಕ ಲಸಿಕೆಯನ್ನೂ ಹಾಕಲಾಗಿರುತ್ತದೆ. ಆದರೆ ಆ ಲಸಿಕೆಯನ್ನು ವರ್ಷಕ್ಕೊಮ್ಮೆ ಪುನಃ ಹಾಕಿಸಬೇಕಾಗಿರುವುದರಿಂದ, ಕಿವಿಯ ಗುರುತನ್ನೇ ನಂಬಿ ಸುಮ್ಮನಿರುವಂತಿಲ್ಲ. ಪಾರ್ವೊ, ಡಿಸ್ಟೆಂಪರ್ ಮುಂತಾದ ರೋಗಗಳ ಲಸಿಕೆ ಆಗಿದೆಯೇ ಎಂಬುದನ್ನು ಈ ಗುರುತು ತಿಳಿಸುವುದಿಲ್ಲ.

ಮನೆಯಲ್ಲಿ ಮೊದಲೇ ಮಾತನಾಡಿಕೊಳ್ಳಬೇಕಾದ ಇನ್ನೊಂದು ವಿಷಯವಿದೆ. ಮೈಸೂರಿನ ಅನೇಕ ಮನೆಗಳಲ್ಲಿ ಮಾಂಸ, ಮೊಟ್ಟೆ ಒಳಗೆ ಬರುವುದಿಲ್ಲ. ಕೇವಲ ಮೊಸರನ್ನದಿಂದ ನಾಯಿಗೆ ಬೇಕಾದಷ್ಟು ಪ್ರೋಟೀನು ದೊರೆಯದು. ಸಸ್ಯಾಹಾರದಲ್ಲಿಯೇ ನಾಯಿಯನ್ನು ಸಾಕುವ ಉದ್ದೇಶವಿದ್ದಲ್ಲಿ, ಅದಕ್ಕೆಂದೇ ತಯಾರಾದ ಸಿದ್ಧ ಆಹಾರದ ಬಗ್ಗೆ ಪಶುವೈದ್ಯರ ಸಲಹೆ ಪಡೆಯುವುದು ಸೂಕ್ತ. ಈ ಮಾತುಕತೆಯನ್ನು ನಾಯಿ ಬಂದ ಮೇಲೆ ಅಡಿಗೆಮನೆಯ ಬಾಗಿಲಲ್ಲಿ ನಡೆಸುವುದಕ್ಕಿಂತ ಅರ್ಜಿಗೆ ಸಹಿ ಹಾಕುವ ಮುನ್ನ ನಡೆಸುವುದು ಲೇಸು.

ಹೊಟ್ಟೆ ಕೆಡುವುದೇಕೆ

ಬೆಟ್ಟದಲ್ಲಿ ಬೆಳೆದ ನಾಯಿಗೆ ಊಟದ ಹೊತ್ತು ಎಂಬುದಿಲ್ಲ. ಪುಳಿಯೋಗರೆ, ಸಿಹಿ ಪೊಂಗಲ್, ಬಾಳೆಹಣ್ಣು, ತೆಂಗಿನಕಾಯಿ ಚೂರು, ಬಿಸ್ಕತ್ತು, ಹೀಗೆ ಯಾರು ಏನು ಹಾಕಿದರೂ ಅದೇ ಆಹಾರ. ಆಷಾಢ ಶುಕ್ರವಾರಗಳಂದು ಭಕ್ತಾದಿಗಳ ಸಂಖ್ಯೆ ಹೆಚ್ಚಿ ಪ್ರಸಾದ ವಿನಿಯೋಗವೂ ಹೇರಳವಾಗಿ ನಡೆಯುವುದರಿಂದ, ಆ ದಿನಗಳಲ್ಲಿ ಅತಿಯಾಗಿ ತಿಂದು, ಉಳಿದ ದಿನಗಳಲ್ಲಿ ಅರೆಹೊಟ್ಟೆಯಲ್ಲಿರುವುದು ಇಂತಹ ನಾಯಿಗೆ ರೂಢಿಯಾಗಿರುತ್ತದೆ. ಸಿಕ್ಕಿದ್ದನ್ನು ಬೇಗ ಬೇಗ ನುಂಗುವ ಅಭ್ಯಾಸವೂ ಇದರಿಂದಲೇ ಬರುತ್ತದೆ. ಪ್ರಸಾದದ ವಾಸನೆ ಹಿಡಿದ ದೊನ್ನೆ, ಪ್ಲಾಸ್ಟಿಕ್ ಕವರು ಸಹ ಹೊಟ್ಟೆ ಸೇರುವುದುಂಟು.

ಬೀದಿಯಲ್ಲಿ ಏನನ್ನಾದರೂ ತಿಂದು ಅರಗಿಸಿಕೊಂಡ ನಾಯಿಗೆ ಮನೆಯ ಒಳ್ಳೆಯ ಆಹಾರದಿಂದ ಭೇದಿಯಾಗುವುದೇಕೆ ಎಂಬುದು ಸಾರ್ವಜನಿಕರ ಸಹಜ ಪ್ರಶ್ನೆ. ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ರೂಢಿಯಲ್ಲಿರುವ ಆಹಾರಕ್ಕೆ ಹೊಂದಿಕೊಂಡಿರುತ್ತವೆ. ಅನ್ನ ಮತ್ತು ಸಿಹಿ ತಿಂದು ಬೆಳೆದ ನಾಯಿಗೆ ಒಂದೇ ದಿನ ಬಟ್ಟಲು ತುಂಬ ಕೋಳಿಮಾಂಸವನ್ನೋ ಅಂಗಡಿಯ ಸಿದ್ಧ ಆಹಾರವನ್ನೋ ನೀಡಿದರೆ, ಆ ಸೂಕ್ಷ್ಮಜೀವಿಗಳಿಗೆ ಹೊಂದಿಕೊಳ್ಳಲು ಸಮಯ ಸಿಗದೆ ಮಲ ತೆಳ್ಳಗಾಗುತ್ತದೆ. ಭಯದಿಂದಲೂ ದೊಡ್ಡ ಕರುಳು ಕೆರಳಿ, ಲೋಳೆ ಬೆರೆತ ಮಲ ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಹೋಗುವುದುಂಟು. ಇವುಗಳ ಜೊತೆಗೆ ದುಂಡುಹುಳು, ಕೊಕ್ಕೆಹುಳುಗಳ ಬಾಧೆ ಬೀದಿನಾಯಿಗಳಲ್ಲಿ ಸಾಮಾನ್ಯ.

ಪ್ರೀತಿಯಿಂದ ಬಟ್ಟಲು ಹಾಲು ಕುಡಿಸುವ ಪದ್ಧತಿಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. ಬೆಳೆದ ನಾಯಿಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆಯನ್ನು ಜೀರ್ಣಿಸಿಕೊಳ್ಳುವ ಶಕ್ತಿ ಕಡಿಮೆ. ಮೊದಲ ದಿನದ ಭೇದಿಗೆ ಎಷ್ಟೋ ವೇಳೆ ಈ ಹಾಲೇ ಕಾರಣ.

ಆಹಾರ ಬದಲಾಯಿಸುವ ಕ್ರಮ

ಪಾಲನಾ ಕೇಂದ್ರದಿಂದ ನಾಯಿಯನ್ನು ತರುವವರು ಅಲ್ಲಿ ನೀಡುತ್ತಿದ್ದ ಆಹಾರ ಯಾವುದೆಂದು ಕೇಳಿ, ಒಂದು ವಾರಕ್ಕಾಗುವಷ್ಟನ್ನು ಹೊಂದಿಸಿಕೊಳ್ಳುವುದು ಉತ್ತಮ. ನೇರವಾಗಿ ಬೆಟ್ಟದಿಂದ ಬಂದ ನಾಯಿಗೆ ರೂಢಿಯಾಗಿರುವ ಪ್ರಸಾದವನ್ನು ಮುಂದುವರಿಸುವಂತಿಲ್ಲ. ಅಂತಹ ನಾಯಿಗೆ ಮೊದಲ ಎರಡು ಮೂರು ದಿನ ಮೆತ್ತಗೆ ಬೇಯಿಸಿದ ಅನ್ನ ಎರಡು ಪಾಲು, ಚರ್ಮ ಮತ್ತು ಮೂಳೆ ತೆಗೆದು ಬೇಯಿಸಿದ ಕೋಳಿಮಾಂಸ ಒಂದು ಪಾಲು ಸೇರಿಸಿ ನೀಡಬಹುದು. ಉಪ್ಪು, ಖಾರ, ಎಣ್ಣೆ, ಒಗ್ಗರಣೆ ಯಾವುದೂ ಬೇಡ. ದಿನದ ಆಹಾರವನ್ನು ಮೂರು ಅಥವಾ ನಾಲ್ಕು ಸಣ್ಣ ಭಾಗ ಮಾಡಿ, ಪ್ರತಿದಿನ ಅದೇ ವೇಳೆಗೆ ಹಾಕತಕ್ಕದ್ದು. ಇದು ಹೊಟ್ಟೆಗೆ ವಿಶ್ರಾಂತಿ ಕೊಡುವ ಆಹಾರವೇ ಹೊರತು ಪೂರ್ಣ ಆಹಾರವಲ್ಲ. ತಿಂಗಳುಗಟ್ಟಲೆ ಇದನ್ನೇ ಕೊಟ್ಟರೆ ಸುಣ್ಣದಂಶ ಹಾಗೂ ಇತರ ಪೋಷಕಾಂಶಗಳ ಕೊರತೆಯಾಗುತ್ತದೆ.

ಮಲವು ಗಟ್ಟಿಯಾದ ನಂತರ, ಮುಂದೆ ಕಾಯಂ ಆಗಿ ನೀಡಲಿರುವ ಆಹಾರವನ್ನು ನಾಲ್ಕನೇ ಒಂದು ಭಾಗದಷ್ಟು ಬೆರೆಸಬೇಕು. ಎರಡು ಮೂರು ದಿನಗಳ ಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹೀಗೆ ಏಳರಿಂದ ಹತ್ತು ದಿನಗಳಲ್ಲಿ ಬದಲಾವಣೆಯನ್ನು ಪೂರ್ಣಗೊಳಿಸಬಹುದು. ಸೂಕ್ಷ್ಮ ಹೊಟ್ಟೆಯ ನಾಯಿಗೆ ಎರಡು ವಾರ ಹಿಡಿದರೂ ಚಿಂತೆಯಿಲ್ಲ. ನಡುವೆ ಮಲ ತೆಳ್ಳಗಾದಲ್ಲಿ ಒಂದು ಹಂತ ಹಿಂದಕ್ಕೆ ಬಂದು, ಅಲ್ಲಿಯೇ ಎರಡು ದಿನ ನಿಲ್ಲತಕ್ಕದ್ದು. ಕುಡಿಯುವ ನೀರನ್ನು ಯಾವ ಕಾರಣಕ್ಕೂ ತಡೆಯಬಾರದು.

ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು, ದ್ರಾಕ್ಷಿ ಹಾಗೂ ಒಣದ್ರಾಕ್ಷಿ ನಾಯಿಗಳಿಗೆ ವಿಷ. ಕೇಸರಿಬಾತು, ಪಾಯಸ, ಲಾಡುಗಳಲ್ಲಿ ಒಣದ್ರಾಕ್ಷಿ ಇರುವುದನ್ನು ಅನೇಕರು ಗಮನಿಸುವುದಿಲ್ಲ. ದೇವರ ಪ್ರಸಾದವನ್ನು ನಾಯಿಗೆ ನಿರಾಕರಿಸುವುದು ಮನಸ್ಸಿಗೆ ಕಷ್ಟವಾದರೂ ಈ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. ಬೇಯಿಸಿದ ಮೂಳೆ ಚೂಪಾಗಿ ಸೀಳುವುದರಿಂದ ಅದನ್ನೂ ಹಾಕಬಾರದು.

ದಿನವಹಿ ಬರೆದಿಡುವುದು

ಮನೆಯ ಎಲ್ಲರೂ ಒಬ್ಬರಿಗೊಬ್ಬರು ತಿಳಿಯದಂತೆ ತುಣುಕು ಹಾಕುತ್ತಿದ್ದರೆ ಯಾವ ಪಥ್ಯವೂ ನಡೆಯದು. ನಾಯಿಗೆ ಊಟ ಹಾಕುವ ಹೊಣೆಯನ್ನು ಒಬ್ಬರಿಗೆ ವಹಿಸಿ, ಒಂದು ನೋಟುಪುಸ್ತಕ ಇಡುವುದು ಒಳ್ಳೆಯದು. ಎಡಗಡೆ ಏನನ್ನು, ಎಷ್ಟು, ಯಾವ ವೇಳೆಗೆ ಹಾಕಲಾಯಿತು ಎಂಬುದು. ಬಲಗಡೆ ಮಲದ ಸ್ವರೂಪ, ವಾಂತಿಯಾಗಿದ್ದರೆ ಅದರ ವಿವರ. ಮನೆಯ ಜಮಾಖರ್ಚಿನ ಪುಸ್ತಕದಂತೆ ಇದಕ್ಕೂ ದಿನಕ್ಕೆ ಎರಡು ನಿಮಿಷ ಸಾಕು. ಹತ್ತು ದಿನಗಳ ನಂತರ ಪುಸ್ತಕವನ್ನು ತಿರುವಿದಾಗ, ಅಜ್ಜಿಯವರು ಹಾಕಿದ ರಸ್ಕಿನ ಮರುದಿನವೇ ಹೊಟ್ಟೆ ಕೆಟ್ಟಿರುವಂತಹ ಸಂಗತಿ ತಾನಾಗಿಯೇ ಕಾಣುತ್ತದೆ. ಪಶುವೈದ್ಯರಿಗೂ, "ಸರಿಯಾಗಿ ತಿನ್ನುತ್ತಿಲ್ಲ ಸಾರ್" ಎಂಬ ಮಾತಿಗಿಂತ ಈ ಪುಟಗಳು ಹೆಚ್ಚು ಉಪಯುಕ್ತ.

ಪಶುವೈದ್ಯರ ಬಳಿ ಹೋಗಬೇಕಾದ ಸಂದರ್ಭಗಳು

ನಾಯಿ ಆರೋಗ್ಯವಾಗಿ ಕಂಡರೂ ಮೊದಲ ವಾರದಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿ, ತೂಕಕ್ಕೆ ಅನುಗುಣವಾಗಿ ಜಂತುನಾಶಕ ಔಷಧಿ ಕೊಡಿಸತಕ್ಕದ್ದು. ಮಲದ ಸ್ವಲ್ಪ ಮಾದರಿಯನ್ನು ಶುಚಿಯಾದ ಡಬ್ಬಿಯಲ್ಲಿ ಜೊತೆಗೆ ಒಯ್ದರೆ ಒಳ್ಳೆಯದು. ಲವಲವಿಕೆಯಿಂದ ಓಡಾಡುತ್ತ, ನೀರು ಕುಡಿಯುತ್ತಿರುವ ಬೆಳೆದ ನಾಯಿಗೆ ಒಂದೆರಡು ದಿನ ಮಲ ತೆಳ್ಳಗಾದರೆ ಪಥ್ಯ ಮಾಡಿಸಿ ಕಾದು ನೋಡಬಹುದು.

ಮರಿಗಳ ವಿಷಯ ಹಾಗಲ್ಲ. ಲಸಿಕೆಯಾಗದ ಮರಿಗೆ ವಾಂತಿ, ನಾರುವ ರಕ್ತಭೇದಿ ಮತ್ತು ಮಂಕು ಒಟ್ಟಿಗೆ ಕಂಡರೆ ಪಾರ್ವೊ ರೋಗವಿರಬಹುದು. ಅದು ಒಂದೆರಡು ದಿನಗಳಲ್ಲಿಯೇ ಪ್ರಾಣ ತೆಗೆಯಬಲ್ಲದು. ಬೆಳಿಗ್ಗೆ ನೋಡೋಣವೆಂದು ಕಾಯದೆ ಕೂಡಲೇ ಚಿಕಿತ್ಸೆ ಕೊಡಿಸಬೇಕು. ಯಾವ ವಯಸ್ಸಿನ ನಾಯಿಯೇ ಆಗಲಿ, ಮಲದಲ್ಲಿ ರಕ್ತ, ನೀರೂ ನಿಲ್ಲದಷ್ಟು ವಾಂತಿ, ಬಿಳಿಚಿದ ಒಸಡು, ಹೊಟ್ಟೆಯುಬ್ಬರ, ಒಂದು ದಿನ ಪೂರ್ತಿ ಆಹಾರ ಮುಟ್ಟದಿರುವುದು ಕಂಡಾಗಲೂ ತಡ ಮಾಡಬಾರದು. ವಾಂತಿಯಿದ್ದು ಮಲವೇ ಹೋಗದಿದ್ದರೆ ಪ್ಲಾಸ್ಟಿಕ್ಕೋ ದೊನ್ನೆಯೋ ಕರುಳಿನಲ್ಲಿ ಸಿಕ್ಕಿರುವ ಸಾಧ್ಯತೆಯಿದೆ. ನಾಯಿಯು ಬೆಟ್ಟದಿಂದ ಬಂದುದೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಮನೆಯಲ್ಲಿರುವ ಮನುಷ್ಯರ ಮಾತ್ರೆಗಳನ್ನು, ಅದರಲ್ಲಿಯೂ ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ಮಾತ್ರೆಗಳನ್ನು, ನಾಯಿಗೆ ಕೊಡಲೇಬಾರದು.

ಮನೆಗೆ ಒಗ್ಗಿಸುವುದು

ಹೊಟ್ಟೆಯ ನೆಮ್ಮದಿಗೂ ಮನಸ್ಸಿನ ನೆಮ್ಮದಿಗೂ ಸಂಬಂಧವಿದೆ. ಮೊದಲ ಕೆಲವು ದಿನ ಗದ್ದಲವಿಲ್ಲದ ಒಂದು ಮೂಲೆಯನ್ನು ನಾಯಿಗೆ ಬಿಟ್ಟುಕೊಡಬೇಕು. ನೆಂಟರಿಷ್ಟರನ್ನು ಕರೆದು ತೋರಿಸುವುದನ್ನೂ ಸ್ನಾನ ಮಾಡಿಸುವುದನ್ನೂ ಮುಂದೂಡಬಹುದು. ಉಣ್ಣುವಾಗ ಮಕ್ಕಳು ಹತ್ತಿರ ಹೋಗದಂತೆ ನೋಡಿಕೊಳ್ಳುವುದು ಅತ್ಯವಶ್ಯ, ಏಕೆಂದರೆ ತುತ್ತಿಗಾಗಿ ಕಾದಾಡಿ ಬೆಳೆದ ನಾಯಿ ಬಟ್ಟಲನ್ನು ಕಾಯುತ್ತದೆ. ಹೊಸ ಮನೆಯನ್ನು ತನ್ನದೆಂದುಕೊಳ್ಳಲು ಹಲವು ನಾಯಿಗಳಿಗೆ ಮೂರು ತಿಂಗಳು ಬೇಕಾಗುತ್ತದೆ. ದೀಪಾವಳಿಯ ಪಟಾಕಿಯ ವಾರದಲ್ಲಿ ಹೊಸ ನಾಯಿಯನ್ನು ತರದಿರುವುದು ವಿವೇಕ.

ಬೆಟ್ಟದಿಂದ ಬಂದ ನಾಯಿಯನ್ನು ಈ ಅವಧಿಯಲ್ಲಿ ಮತ್ತೆ ಮೆಟ್ಟಿಲು ದಾರಿಗೆ ವಾಯುವಿಹಾರಕ್ಕೆ ಕರೆದೊಯ್ಯಬಾರದು. ಬಿದ್ದ ಪ್ರಸಾದ ತಿನ್ನುವ ಹಳೆಯ ರೂಢಿ ಮರುಕಳಿಸುವುದಲ್ಲದೆ, ಗುರುತಿನ ಜಾಗ ಕಂಡಾಗ ಹಗ್ಗ ಕಿತ್ತುಕೊಂಡು ಓಡುವ ಸಂಭವವೂ ಇರುತ್ತದೆ.

ಸಾಕಲು ಸಾಧ್ಯವಾಗದಿದ್ದಲ್ಲಿ

ಎಷ್ಟೇ ಪ್ರಯತ್ನಿಸಿದರೂ ಸಾಕಲಾಗದ ಸಂದರ್ಭ ಬಂದರೆ, ನಾಯಿಯನ್ನು ರಾತ್ರಿ ವೇಳೆ ಬೆಟ್ಟದ ತಿರುವಿನಲ್ಲಿ ಬಿಟ್ಟುಬರುವುದು ಪರಿಹಾರವಲ್ಲ. ಚಾಮುಂಡಿ ಬೆಟ್ಟವು ಮೀಸಲು ಅರಣ್ಯವಾಗಿದ್ದು, ಅಲ್ಲಿ ಚಿರತೆಗಳಿವೆ. ಕೆಲವು ವಾರ ಮನೆಯಲ್ಲಿದ್ದ ನಾಯಿಯನ್ನು ಅಲ್ಲಿನ ಹಳೆಯ ಗುಂಪು ಮತ್ತೆ ಸೇರಿಸಿಕೊಳ್ಳುತ್ತದೆಂಬ ಭರವಸೆಯೂ ಇಲ್ಲ. ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಅಧಿನಿಯಮದ 11ನೇ ಪ್ರಕರಣದನ್ವಯ ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ ಮಾತ್ರವೆಂಬುದು ನಿಜ. ಆ ಮೊತ್ತವು 1960ರ ಕಾಲದ ಲೆಕ್ಕವೇ ಹೊರತು ಅಪರಾಧದ ಗಾತ್ರವನ್ನು ತಿಳಿಸುವುದಿಲ್ಲ. ಅಂತಹ ಸಂದರ್ಭದಲ್ಲಿ ದತ್ತು ನೀಡಿದ ಸ್ಥಳೀಯ ಸಂಸ್ಥೆಗೆ ಅಥವಾ ಪ್ರಾಣಿ ಕಲ್ಯಾಣ ಸಂಸ್ಥೆಗೆ ಲಿಖಿತವಾಗಿ ತಿಳಿಸಿ, ಬೇರೆ ಮನೆ ದೊರೆಯುವವರೆಗೆ ನಾಯಿಯನ್ನು ತಮ್ಮಲ್ಲಿಯೇ ಇರಿಸಿಕೊಳ್ಳತಕ್ಕದ್ದು.

ಚಿಕಿತ್ಸೆ ಮತ್ತು ಲಸಿಕೆಗಾಗಿ ಸಮೀಪದ ಸರ್ಕಾರಿ ಪಶು ಆಸ್ಪತ್ರೆಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದು. ಪಶುವೈದ್ಯಕೀಯ ಸಹಾಯವಾಣಿಯ ಶುಲ್ಕರಹಿತ ಸಂಖ್ಯೆ 1962. ಆಸ್ಪತ್ರೆಗೆ ಬರುವಾಗ ನಾಯಿಗೆ ಹಗ್ಗ ಕಟ್ಟಿ, ದತ್ತು ಪತ್ರ, ಹಿಂದಿನ ಲಸಿಕೆ ಪುಸ್ತಕವಿದ್ದಲ್ಲಿ ಅದನ್ನು ಹಾಗೂ ಆಹಾರದ ವಿವರ ಬರೆದ ನೋಟುಪುಸ್ತಕವನ್ನು ಜೊತೆಗೆ ತರತಕ್ಕದ್ದು.