ಆಪತ್ತಿಗೆ ಮೊದಲೇ ಎಚ್ಚರ: ಮನೆ, ವಾಹನ ಮತ್ತು ವಿಮೆ

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. 2015ರ ಡಿಸೆಂಬರ್ ತಿಂಗಳ ಆರಂಭದಲ್ಲಿ ಚೆನ್ನೈಯ ಅಡ್ಯಾರ್ ನದಿ ದಂಡೆ ಮೀರಿ ಹರಿದು ಮನೆಗಳನ್ನು ಹೊಕ್ಕಿತು. 2020ರ ಅಕ್ಟೋಬರ್ ತಿಂಗಳಲ್ಲಿ ಹೈದರಾಬಾದಿನ ಹಲವು ಬಡಾವಣೆಗಳು ಜಲಾವೃತವಾದವು. ಉದ್ಯೋಗ, ವ್ಯಾಪಾರಗಳ ನಿಮಿತ್ತ ಈ ನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಕುಟುಂಬಗಳು ಅನೇಕ. ನೀರು ಇಳಿದ ಮೇಲೆ ಎಲ್ಲರ ಮುಂದೆಯೂ ನಿಲ್ಲುವ ಪ್ರಶ್ನೆ ಒಂದೇ: ಆದ ನಷ್ಟವನ್ನು ಭರಿಸುವವರು ಯಾರು?

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಬ್ಬ ಉದ್ಯೋಗಿಯು ನೆಲ ಅಂತಸ್ತಿನ ಬಾಡಿಗೆ ಮನೆಯಲ್ಲಿ ಸಂಸಾರಸಮೇತ ವಾಸವಾಗಿದ್ದಾನೆ. ಅವನ ಕಾರಿಗೆ ವಿಮೆ ಇದೆ. ಮನೆಯ ಮಾಲೀಕರು ಕಟ್ಟಡಕ್ಕೆ ವಿಮೆ ಮಾಡಿಸಿದ್ದಾರೆ. ಆದ್ದರಿಂದ ಅವನು ನಿಶ್ಚಿಂತನಾಗಿದ್ದಾನೆ. ಒಂದು ರಾತ್ರಿ ನೀರು ನುಗ್ಗಿ ಹಾಸಿಗೆ, ರೆಫ್ರಿಜರೇಟರ್, ಬಟ್ಟೆಬರೆ, ಮಕ್ಕಳ ಪುಸ್ತಕಗಳೆಲ್ಲ ಹಾಳಾಗುತ್ತವೆ. ಬೆಳಿಗ್ಗೆ ಅವನು ಮುಳುಗಿದ್ದ ಕಾರಿನ ಕೀಲಿ ತಿರುಗಿಸುತ್ತಾನೆ, ಎಂಜಿನ್ ಕೆಟ್ಟುಹೋಗುತ್ತದೆ. ಅನಂತರ ಕಾಗದಗಳನ್ನು ತೆಗೆದು ನೋಡಿದಾಗ, ಮಾಲೀಕರ ವಿಮೆ ಗೋಡೆ ಛಾವಣಿಗಳಿಗೆ ಮಾತ್ರ ಎಂದೂ, ತನ್ನ ಕಾರಿನ ವಿಮೆ ಇತರರಿಗೆ ಆಗುವ ಹಾನಿಗೆ ಮಾತ್ರ ಎಂದೂ ತಿಳಿಯುತ್ತದೆ. ಅವನು ಕಂತು ಕಟ್ಟಿದ್ದು ಸುಳ್ಳಲ್ಲ. ಆದರೆ ಯಾವುದಕ್ಕಾಗಿ ಕಟ್ಟುತ್ತಿದ್ದೇನೆ ಎಂಬುದನ್ನು ಓದಿ ನೋಡಿರಲಿಲ್ಲ.

ವಿಮೆಯು ಒಂದು ಕರಾರು. ಕರಾರಿನಲ್ಲಿ ಬರೆದಿರುವುದಕ್ಕೆ ಮಾತ್ರ ಪರಿಹಾರ ದೊರೆಯುತ್ತದೆ. ನಾವು ಊಹಿಸಿಕೊಂಡದ್ದಕ್ಕೆ ದೊರೆಯುವುದಿಲ್ಲ. ಆದುದರಿಂದ ವಿಮಾಪತ್ರವನ್ನು ಓದಬೇಕಾದ ಕಾಲ ಆಪತ್ತಿನ ಮರುದಿನವಲ್ಲ, ಅದಕ್ಕೆ ಮೊದಲು.

ವಾಹನ ವಿಮೆ: ಎರಡು ಬಗೆ

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಓಡಿಸುವ ವಾಹನಕ್ಕೆ ತೃತೀಯ ಪಕ್ಷದ ವಿಮೆ ಕಡ್ಡಾಯ. ನಮ್ಮ ವಾಹನದಿಂದ ಇತರರಿಗೆ ಸಾವು, ಗಾಯ ಅಥವಾ ಆಸ್ತಿನಷ್ಟ ಉಂಟಾದರೆ ಕೊಡಬೇಕಾದ ಪರಿಹಾರವನ್ನು ಈ ವಿಮೆ ಭರಿಸುತ್ತದೆ. ಸಾವು ಮತ್ತು ಗಾಯಗಳ ಬಾಬಿನಲ್ಲಿ ಇದಕ್ಕೆ ಮೊತ್ತದ ಮಿತಿಯಿಲ್ಲ. ಆಸ್ತಿನಷ್ಟಕ್ಕೆ ಖಾಸಗಿ ಕಾರಿನಲ್ಲಿ ಏಳೂವರೆ ಲಕ್ಷ ರೂಪಾಯಿಗಳ ಮಿತಿಯಿದೆ. ವಿಮೆಯಿಲ್ಲದೆ ವಾಹನ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಒದಗಬಹುದೆಂದು 2019ರ ತಿದ್ದುಪಡಿ ವಿಧಿಸಿದೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷಗಳ, ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷಗಳ ತೃತೀಯ ಪಕ್ಷದ ವಿಮೆಯನ್ನು ಖರೀದಿಯ ಸಮಯದಲ್ಲಿಯೇ ಪಡೆಯಬೇಕಾಗಿದೆ.

ಇಲ್ಲಿಯೇ ಅನೇಕರು ತಪ್ಪು ತಿಳಿಯುತ್ತಾರೆ. ಐದು ವರ್ಷಗಳ ವಿಮೆ ಇದೆಯೆಂದು ನಂಬಿದ ಸ್ಕೂಟರ್ ಕಳುವಾದಾಗ, ಆ ವಿಮೆಯು ಕಳುವಿಗೆ ಸಂಬಂಧಿಸಿದ್ದೇ ಅಲ್ಲವೆಂದು ತಿಳಿಯುತ್ತದೆ. ಸ್ವಂತ ವಾಹನಕ್ಕೆ ಅಪಘಾತ, ಬೆಂಕಿ, ಕಳವು, ಪ್ರವಾಹ ಮುಂತಾದವುಗಳಿಂದ ಆಗುವ ನಷ್ಟಕ್ಕೆ ಸ್ವಂತ ಹಾನಿಯ ವಿಮೆಯನ್ನು ಪ್ರತ್ಯೇಕವಾಗಿ ಪಡೆಯಬೇಕು. ಎರಡೂ ಕೂಡಿದ್ದು ಸಮಗ್ರ ವಿಮೆ. ಸ್ವಂತ ಹಾನಿಯ ಭಾಗವನ್ನು ಅವಧಿ ಮುಗಿಯುವ ಮೊದಲೇ ನವೀಕರಿಸುತ್ತಿರಬೇಕು. ಇವಲ್ಲದೆ, ಚಾಲನಾ ಪರವಾನಗಿ ಹೊಂದಿರುವ ಮಾಲೀಕರಿಗೆ 15 ಲಕ್ಷ ರೂಪಾಯಿಗಳ ವೈಯಕ್ತಿಕ ಅಪಘಾತ ವಿಮೆಯೂ ಇರತಕ್ಕದ್ದು. ಈಗಾಗಲೇ ಅಂಥ ವಿಮೆ ಇರುವವರು ಅದನ್ನು ಮತ್ತೊಮ್ಮೆ ಕೊಳ್ಳಬೇಕಾಗಿಲ್ಲ.

ವಾಹನ ಕಳುವಾದಾಗ ಅಥವಾ ದುರಸ್ತಿಗೆ ಮೀರಿ ಹಾಳಾದಾಗ ಸಿಗುವುದು ನಾವು ಕೊಂಡ ಬೆಲೆಯಲ್ಲ, ವಿಮಾಪತ್ರದಲ್ಲಿ ಘೋಷಿಸಿರುವ ಮೌಲ್ಯ. ವಾಹನದ ವಯಸ್ಸು ಹೆಚ್ಚಿದಂತೆ ಸವಕಳಿಯನ್ನು ಕಳೆದು ಇದನ್ನು ನಿಗದಿ ಮಾಡುತ್ತಾರೆ. ಕಂತು ಕಡಿಮೆಯಾಗಲೆಂದು ಈ ಮೌಲ್ಯವನ್ನು ತೀರ ಇಳಿಸಿ ಬರೆಸುವುದು ಜಾಣತನವಲ್ಲ. ಇಂದು ಉಳಿಸಿದ ನೂರಾರು ರೂಪಾಯಿಗಳಿಗೆ ಪ್ರತಿಯಾಗಿ ನಾಳೆ ಹತ್ತಾರು ಸಾವಿರ ಕಳೆದುಕೊಳ್ಳಬೇಕಾದೀತು.

ಪರಿಹಾರ ಕೇಳದ ವರ್ಷಗಳಿಗಾಗಿ ಸ್ವಂತ ಹಾನಿಯ ಕಂತಿನಲ್ಲಿ ರಿಯಾಯಿತಿ ಉಂಟು. ಮೊದಲ ವರ್ಷದ ಬಳಿಕ ಶೇಕಡಾ 20ರಿಂದ ಆರಂಭವಾಗುವ ಇದು ಐದು ವರ್ಷಗಳಲ್ಲಿ ಶೇಕಡಾ 50ಕ್ಕೆ ಏರುತ್ತದೆ. ಒಮ್ಮೆ ಪರಿಹಾರ ಕೇಳಿದರೆ ಸಾಮಾನ್ಯವಾಗಿ ಪುನಃ ಮೊದಲಿನಿಂದ ಆರಂಭ. ಸ್ವಂತ ಹಾನಿಯ ಕಂತು 8,000 ರೂಪಾಯಿ ಇರುವವರಿಗೆ ಪೂರ್ಣ ರಿಯಾಯಿತಿಯಿಂದ ವರ್ಷಕ್ಕೆ 4,000 ರೂಪಾಯಿ ಉಳಿಯುತ್ತದೆ. ಅಂಥವರು 3,000 ರೂಪಾಯಿಯ ಸಣ್ಣ ದುರಸ್ತಿಗೆ ಪರಿಹಾರ ಕೇಳಿದರೆ ನಷ್ಟವೇ ಹೆಚ್ಚು. ಈ ರಿಯಾಯಿತಿ ಮಾಲೀಕರಿಗೆ ಸೇರಿದ್ದು, ವಾಹನಕ್ಕಲ್ಲ. ಹಳೆಯ ಕಾರನ್ನು ಮಾರಿ ಹೊಸದನ್ನು ಕೊಂಡಾಗ ಅದನ್ನು ವರ್ಗಾಯಿಸಿಕೊಳ್ಳಬಹುದು. ಆದರೆ ವಿಮೆಯ ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ ರಿಯಾಯಿತಿ ರದ್ದಾಗುತ್ತದೆ.

ನೀರಿನಲ್ಲಿ ಮುಳುಗಿದ ವಾಹನದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಎಂಜಿನ್ನಿನೊಳಗೆ ನೀರು ಇರುವಾಗ ಅದನ್ನು ಚಾಲೂ ಮಾಡಿದರೆ, ನೀರು ಗಾಳಿಯಂತೆ ಕುಗ್ಗದಿರುವುದರಿಂದ ಒಳಭಾಗಗಳು ಬಾಗಿ ಮುರಿಯುತ್ತವೆ. ಈ ಹಾನಿಯು ಪ್ರವಾಹದಿಂದ ನೇರವಾಗಿ ಆದುದಲ್ಲವೆಂದು ಕಂಪನಿಗಳು ಪರಿಹಾರವನ್ನು ನಿರಾಕರಿಸುವುದುಂಟು. ತಗ್ಗು ಪ್ರದೇಶದಲ್ಲಿ ವಾಸಿಸುವವರು ಎಂಜಿನ್ ರಕ್ಷಣೆಯ ಹೆಚ್ಚುವರಿ ವಿಮೆಯನ್ನು ವಿಚಾರಿಸಬೇಕು. ಮುಳುಗಿದ ವಾಹನವನ್ನು ಚಾಲೂ ಮಾಡದೆ, ಛಾಯಾಚಿತ್ರ ತೆಗೆದು, ಕಂಪನಿಗೆ ತಿಳಿಸಿ, ಎಳೆದೊಯ್ಯುವ ವ್ಯವಸ್ಥೆ ಮಾಡಬೇಕು.

ಬಳಸಿದ ವಾಹನವನ್ನು ಕೊಂಡವರು 14 ದಿನಗಳೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಮಾಡಿಕೊಡುವಂತೆ ಕಂಪನಿಗೆ ಅರ್ಜಿ ಸಲ್ಲಿಸಬೇಕು. ಹೀಗೆ ಮಾಡದಿದ್ದರೆ ಸ್ವಂತ ಹಾನಿಯ ಪರಿಹಾರಕ್ಕೆ ತೊಡಕು ಬರುತ್ತದೆ. ಕರ್ನಾಟಕದಲ್ಲಿ ನೋಂದಣಿಯಾದ ವಾಹನವನ್ನು ಪುಣೆಗೋ ದೆಹಲಿಗೋ ಒಯ್ದವರ ವಿಮೆ ಅಲ್ಲಿಯೂ ಊರ್ಜಿತವಾಗಿರುತ್ತದೆ. ಆದರೆ ವಿಳಾಸದ ಬದಲಾವಣೆಯನ್ನು ತಿಳಿಸುವುದು ಅವಶ್ಯ. ವಾಹನವು 12 ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿಯೇ ಉಳಿಯುವುದಾದರೆ, ಭಾರತ್ ಸರಣಿಯ ನೋಂದಣಿ ಇಲ್ಲದವರು ಆ ರಾಜ್ಯದ ನೋಂದಣಿ ಸಂಖ್ಯೆ ಪಡೆಯಬೇಕೆಂಬ ನಿಯಮವಿದೆ.

ಮನೆಯ ವಿಮೆ: ಕಟ್ಟಡ ಬೇರೆ, ಸಾಮಾನು ಬೇರೆ

ವಾಹನ ವಿಮೆಯಂತೆ ಮನೆಯ ವಿಮೆಗೆ ಕಾನೂನಿನ ಒತ್ತಾಯವಿಲ್ಲ. ಆದ್ದರಿಂದಲೇ ಜೀವಮಾನದ ಉಳಿತಾಯವನ್ನು ಸುರಿದು ಕಟ್ಟಿದ ಮನೆಗೆ ರಕ್ಷಣೆಯಿಲ್ಲದಿರುವುದು ಸಾಮಾನ್ಯವಾಗಿದೆ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಏಕರೂಪದ ಶರತ್ತುಗಳುಳ್ಳ 'ಭಾರತ್ ಗೃಹ ರಕ್ಷಾ' ಎಂಬ ವಿಮೆಯನ್ನು ನೀಡುತ್ತಿವೆ. ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಚಂಡಮಾರುತ, ಪ್ರವಾಹ, ಭೂಕುಸಿತ, ಗಲಭೆ, ನೀರಿನ ತೊಟ್ಟಿ ಒಡೆಯುವುದು ಮುಂತಾದ ಆಪತ್ತುಗಳು ಇದರ ವ್ಯಾಪ್ತಿಗೆ ಸೇರಿವೆ.

ವಿಮೆಯ ಮೊತ್ತವನ್ನು ನಿರ್ಧರಿಸುವಾಗ ನಿವೇಶನದ ಬೆಲೆಯನ್ನು ಸೇರಿಸಬೇಕಾಗಿಲ್ಲ. ಮನೆ ನೆಲಸಮವಾದರೂ ನೆಲ ಉಳಿಯುತ್ತದೆ. ಮರಳಿ ಕಟ್ಟಲು ತಗಲುವ ವೆಚ್ಚವೇ ಇಲ್ಲಿ ಮುಖ್ಯ. 800 ಚದರ ಅಡಿಯ ಮನೆಯನ್ನು ಕಟ್ಟಲು ಚದರ ಅಡಿಗೆ 2,500 ರೂಪಾಯಿ ತಗಲುವುದಾದರೆ, ಆ ಮನೆಯ ಮಾರುಕಟ್ಟೆ ಬೆಲೆ ಒಂದು ಕೋಟಿಯಾಗಿದ್ದರೂ ಕಟ್ಟಡದ ವಿಮೆ 20 ಲಕ್ಷಕ್ಕೆ ಸಾಕು. ಕಟ್ಟಡವನ್ನು ವಿಮೆ ಮಾಡಿಸಿದರೆ ಅದರ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಗಳವರೆಗೆ, ಮನೆಯ ಸಾಮಾನುಗಳಿಗೆ ಪಟ್ಟಿ ಕೊಡದೆಯೇ ರಕ್ಷಣೆ ದೊರೆಯುತ್ತದೆ. ಮೇಲಿನ ಲೆಕ್ಕದಲ್ಲಿ ಅದು 4 ಲಕ್ಷವಾಗುತ್ತದೆ.

ಬಾಡಿಗೆಗೆ ಇರುವವರು ಕಟ್ಟಡವನ್ನು ಬಿಟ್ಟು ತಮ್ಮ ಸಾಮಾನುಗಳನ್ನಷ್ಟೇ ವಿಮೆ ಮಾಡಿಸಬಹುದು. ನಮ್ಮ ಉದಾಹರಣೆಯ ಉದ್ಯೋಗಿಗೆ ತಿಳಿದಿರಬೇಕಾಗಿದ್ದ ಸಂಗತಿ ಇದೇ. ವಸತಿ ಸಂಕೀರ್ಣಗಳಲ್ಲಿರುವವರು ತಮ್ಮ ಸೊಸೈಟಿಯ ವಿಮೆ ಯಾವ ಭಾಗಗಳಿಗೆ ಅನ್ವಯಿಸುತ್ತದೆ ಎಂಬುದನ್ನು ಕಾರ್ಯದರ್ಶಿಯಿಂದ ಕೇಳಿ ತಿಳಿಯಬೇಕು.

ಎರಡು ಮಿತಿಗಳನ್ನು ನೆನಪಿನಲ್ಲಿಡಬೇಕು. ಮೊದಲನೆಯದಾಗಿ, ಈ ವಿಮೆಯಲ್ಲಿ ಕಳವಿಗೆ ಪರಿಹಾರ ಸಿಗುವುದು, ವಿಮೆಗೆ ಒಳಪಟ್ಟ ಆಪತ್ತು ಸಂಭವಿಸಿದ ಏಳು ದಿನಗಳೊಳಗೆ ಅದರ ಪರಿಣಾಮವಾಗಿ ಕಳವಾದರೆ ಮಾತ್ರ. ಬೀಗ ಮುರಿದು ಮಾಡುವ ಕಳವಿಗೆ ಬೇರೆ ವಿಮೆ ಬೇಕು. ಎರಡನೆಯದಾಗಿ, ಒಡವೆ, ಕಲಾಕೃತಿ ಮುಂತಾದ ಬೆಲೆಬಾಳುವ ವಸ್ತುಗಳಿಗೆ ಪ್ರತ್ಯೇಕ ರಕ್ಷಣೆಯನ್ನು ಕೇಳಿ ಪಡೆಯಬೇಕು. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ದೀರ್ಘಕಾಲ ಮನೆಗೆ ಬೀಗ ಹಾಕುವವರು ಈ ಬಗೆಗಿನ ಶರತ್ತನ್ನು ಓದಿ, ಅಗತ್ಯವಿದ್ದರೆ ಕಂಪನಿಗೆ ಲಿಖಿತವಾಗಿ ತಿಳಿಸುವುದು ಕ್ಷೇಮ.

ಮನೆಯ ಸುರಕ್ಷತೆ

ವಿಮೆಯು ಹಣವನ್ನು ಕೊಡಬಲ್ಲುದು. ಹೋದ ಜೀವವನ್ನು ಮರಳಿ ಕೊಡಲಾರದು. ಆದುದರಿಂದ ಮುನ್ನೆಚ್ಚರಿಕೆಯೇ ಮೊದಲ ರಕ್ಷಣೆ.

1. ಅಡುಗೆ ಅನಿಲ: ಅನಿಲದ ಸೋರಿಕೆ ತಿಳಿಯಲೆಂದೇ ಅದಕ್ಕೆ ತೀಕ್ಷ್ಣ ವಾಸನೆಯ ವಸ್ತುವನ್ನು ಬೆರೆಸಿರುತ್ತಾರೆ. ಈ ಅನಿಲ ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿ ಶೇಖರವಾಗುತ್ತದೆ. ವಾಸನೆ ಬಂದರೆ ವಿದ್ಯುತ್ ಸ್ವಿಚ್ಚುಗಳನ್ನು ಹಾಕಲೂ ಬಾರದು, ಆರಿಸಲೂ ಬಾರದು. ರೆಗ್ಯುಲೇಟರನ್ನು ಮುಚ್ಚಿ, ಬಾಗಿಲು ಕಿಟಕಿಗಳನ್ನು ತೆರೆದು, ಮನೆಯವರೆಲ್ಲರೂ ಹೊರಗೆ ಬಂದು 1906 ಸಂಖ್ಯೆಗೆ ಕರೆ ಮಾಡಬೇಕು. ಅನಿಲದ ಸುರಕ್ಷಾ ಕೊಳವೆಯನ್ನು ಐದು ವರ್ಷಗಳಿಗೊಮ್ಮೆ, ಬಿರುಕು ಕಂಡರೆ ಕೂಡಲೇ ಬದಲಾಯಿಸಬೇಕು. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಮೇಲೆ ಅಕ್ಷರ ಮತ್ತು ವರ್ಷದ ಗುರುತಿರುತ್ತದೆ. 'ಬಿ-27' ಎಂದಿದ್ದರೆ 2027ರ ಏಪ್ರಿಲ್‌ನಿಂದ ಜೂನ್‌ವರೆಗಿನ ಅವಧಿಯಲ್ಲಿ ಅದರ ಪರೀಕ್ಷೆ ಆಗಬೇಕೆಂದು ಅರ್ಥ. ಅವಧಿ ಮೀರಿದ ಸಿಲಿಂಡರನ್ನು ಪಡೆಯಬಾರದು.

2. ವಿದ್ಯುತ್ತು: ಮನೆಯ ಮುಖ್ಯ ಫಲಕದಲ್ಲಿ 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಸಾಧನವನ್ನು ಅಳವಡಿಸಿದರೆ, ಸೋರಿದ ವಿದ್ಯುತ್ತು ಮೈಗೆ ತಾಗಿದಾಗ ಅದು ಕ್ಷಣಮಾತ್ರದಲ್ಲಿ ಪ್ರವಾಹವನ್ನು ಕಡಿಯುತ್ತದೆ. ಐ.ಎಸ್.ಐ. ಗುರುತಿನ ತಂತಿ ಮತ್ತು ಸ್ವಿಚ್ಚುಗಳನ್ನೇ ಬಳಸಬೇಕು. ಒಂದೇ ಪ್ಲಗ್ಗಿಗೆ ಹಲವು ಉಪಕರಣಗಳನ್ನು ಜೋಡಿಸಬಾರದು.

3. ಎಣ್ಣೆಯ ಬೆಂಕಿ: ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು, ಎಣ್ಣೆ ಸಿಡಿದು ಬೆಂಕಿ ಹರಡುತ್ತದೆ. ಒಲೆಯನ್ನು ಆರಿಸಿ ಬಾಣಲೆಯನ್ನು ಮುಚ್ಚಬೇಕು.

4. ಗ್ಯಾಸ್ ಗೀಸರ್: ಗಾಳಿಯಾಡದ ಸ್ನಾನದ ಮನೆಯಲ್ಲಿ ಇದನ್ನು ಅಳವಡಿಸಬಾರದು. ಅದರಿಂದ ಹೊಮ್ಮುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಅರಿವಿಲ್ಲದೆಯೇ ಪ್ರಾಣ ಕಳೆದುಕೊಳ್ಳಬಹುದು.

5. ಸುಟ್ಟ ಗಾಯ: ಗಾಯವನ್ನು ಸುಮಾರು 20 ನಿಮಿಷ ನಲ್ಲಿಯ ತಣ್ಣೀರಿನ ಕೆಳಗೆ ಹಿಡಿಯಬೇಕು. ಶಾಯಿ, ಬೆಣ್ಣೆ, ದಂತಮಂಜನಗಳನ್ನು ಹಚ್ಚಬಾರದು.

ನಷ್ಟವಾದಾಗ ಮಾಡಬೇಕಾದುದು

ಅಪಾಯವಿದ್ದರೆ ಮೊದಲು 112ಕ್ಕೆ ಕರೆ ಮಾಡಿ ಜೀವರಕ್ಷಣೆಗೆ ಗಮನ ಕೊಡಬೇಕು. ಅನಂತರ ವಿಮಾ ಕಂಪನಿಗೆ ವಿಳಂಬವಿಲ್ಲದೆ ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಕಳವಾದರೆ ಪೊಲೀಸರಲ್ಲಿ ದೂರು ದಾಖಲಿಸಿ ಅದರ ಪ್ರತಿಯನ್ನು ಪಡೆಯಬೇಕು. ಸಮೀಕ್ಷಕರು ಬಂದು ನೋಡುವ ಮೊದಲು ಹಾಳಾದ ವಸ್ತುಗಳನ್ನು ಎಸೆಯಬಾರದು, ವಾಹನವನ್ನು ದುರಸ್ತಿ ಮಾಡಿಸಬಾರದು. ಅನಿವಾರ್ಯವಾದರೆ ಛಾಯಾಚಿತ್ರಗಳನ್ನಾದರೂ ತೆಗೆದಿಡಬೇಕು.

ಅಡುಗೆ ಅನಿಲದ ಅಪಘಾತವಾದರೆ ವಿತರಕರಿಗೆ ಕೂಡಲೇ ಲಿಖಿತವಾಗಿ ತಿಳಿಸಬೇಕು. ಸರ್ಕಾರಿ ತೈಲ ಕಂಪನಿಗಳು ಗ್ರಾಹಕರಿಂದ ಕಂತು ಪಡೆಯದೆಯೇ ಸಾರ್ವಜನಿಕ ಹೊಣೆಗಾರಿಕೆಯ ವಿಮೆಯನ್ನು ಮಾಡಿಸಿವೆ. ಶರತ್ತುಗಳಿಗೆ ಒಳಪಟ್ಟು, ಸಾವಿಗೆ ತಲಾ 6 ಲಕ್ಷ ರೂಪಾಯಿ, ನೋಂದಾಯಿತ ಮನೆಯ ಆಸ್ತಿನಷ್ಟಕ್ಕೆ 2 ಲಕ್ಷ ರೂಪಾಯಿಗಳವರೆಗೆ ಇದರಲ್ಲಿ ಪರಿಹಾರ ಉಂಟು. ಈ ಸಂಗತಿ ತಿಳಿಯದೆ ಪರಿಹಾರವನ್ನು ಕೇಳದೆಯೇ ಉಳಿದುಬಿಡುವ ಸಂಭವವಿದೆ.

ಪರಿಹಾರವನ್ನು ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ವಿಮಾ ಒಂಬುಡ್ಸ್‌ಮನ್ ಅವರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ; ವಕೀಲರ ಅಗತ್ಯವೂ ಇಲ್ಲ. 50 ಲಕ್ಷ ರೂಪಾಯಿಗಳವರೆಗಿನ ಪರಿಹಾರವನ್ನು ಅವರು ನಿರ್ಧರಿಸಬಹುದಾಗಿದ್ದು, ಆ ತೀರ್ಪಿಗೆ ಕಂಪನಿ ಬದ್ಧವಾಗಿರಬೇಕು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮತ್ತು ಬೆಂಗಳೂರುಗಳಲ್ಲಿ ಒಂಬುಡ್ಸ್‌ಮನ್ ಕಚೇರಿಗಳಿವೆ. ಹೈದರಾಬಾದಿನಲ್ಲಿ ಪ್ರಧಾನ ಕಚೇರಿಯುಳ್ಳ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರದ ದೂರವಾಣಿ 155255ರಲ್ಲಿಯೂ ದೂರು ನೀಡಬಹುದು.

ಪರಸ್ಥಳದಲ್ಲಿರುವವರಿಗೆ ಒಂದು ಸೂಚನೆ. ಏಜೆಂಟರ ಮಾತು ಮರಾಠಿಯಲ್ಲೋ ತಮಿಳಿನಲ್ಲೋ ಇದ್ದು, ವಿಮಾಪತ್ರ ಇಂಗ್ಲಿಷಿನಲ್ಲಿದ್ದರೆ, ಅರ್ಥವಾಗದ ಭಾಗವನ್ನು ಬಲ್ಲವರಿಂದ ಓದಿಸಿ ತಿಳಿಯದ ಹೊರತು ಸಹಿ ಹಾಕಬಾರದು. ಖಾಲಿ ನಮೂನೆಗೆ ಎಂದಿಗೂ ಸಹಿ ಮಾಡಬಾರದು. ವಿಮಾಪತ್ರ, ಖರೀದಿ ರಸೀದಿ ಹಾಗೂ ಮನೆಯ ಸಾಮಾನುಗಳ ಛಾಯಾಚಿತ್ರಗಳ ಒಂದು ಪ್ರತಿಯನ್ನು ಊರಿನಲ್ಲಿರುವ ಬಂಧುಗಳ ಬಳಿ ಇರಿಸಿದರೆ, ಮನೆಯೊಳಗಿನ ಕಾಗದಗಳು ನೀರುಪಾಲಾದರೂ ಆಧಾರ ಉಳಿಯುತ್ತದೆ.

ಇಂದೇ ವಿಮಾಪತ್ರವನ್ನು ಹೊರತೆಗೆದು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ: ಯಾವುದಕ್ಕೆ ರಕ್ಷಣೆಯಿದೆ? ಯಾವುದಕ್ಕಿಲ್ಲ? ಅವಧಿ ಮುಗಿಯುವುದು ಎಂದು? ಇವುಗಳಿಗೆ ಉತ್ತರ ಹುಡುಕಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ಮಳೆಗಾಲಕ್ಕೆ ಮೊದಲೇ ಮೀಸಲಿಟ್ಟ ಕುಟುಂಬವು, ಆಪತ್ತು ಬಂದಾಗ ನಷ್ಟದ ಜೊತೆಗೆ ಪಶ್ಚಾತ್ತಾಪವನ್ನೂ ಹೊರಬೇಕಾಗುವುದಿಲ್ಲ.